ಗುಂಡಿಯ ಭಯಕ್ಕೆ ಗ್ರೀಕ್ ಹೆಸರು

ನಮ್ಮ ಮನೆಯ ಗೋಡೆ, ಬಾಗಿಲು, ಡಬ್ಬಿಗಳಿಗೆಲ್ಲ ಈಗ ಭಯ ಅಂಟಿಕೊಂಡಿದೆ. ಗಾಬರಿಯಾಗಬೇಡಿ. ಅಂಟಿಸಿದವಳು ನನ್ನ ಮಗಳು ಸಹನಾ. ಜಹೀರಾಬಾದಿನಿಂದ ದಿನಾ ಬಸ್ಸು ಹಿಡಿದು ಫಾರ್ಮಸಿ ಕಾಲೇಜಿಗೆ ಹೋಗಿಬರುವ ಅವಳಿಗೆ ಆ ದಪ್ಪ ಪುಸ್ತಕಗಳ ಪದಗಳು ತಲೆಯಲ್ಲಿ ನಿಲ್ಲುವುದಿಲ್ಲ. 'ಅವ್ವಾ, ಇವು ಪದ ಅಲ್ಲ, ಗೂಡ್ಸ್ ಗಾಡಿ' ಎಂದು ಅತ್ತಳು. ನನಗೆ ಗೊತ್ತಿದ್ದ ಹಳೆಯ ಉಪಾಯವೊಂದನ್ನು ಹೇಳಿಕೊಟ್ಟೆ. ಪದದ ಬೇರು ನೆನಪಿರಬೇಕಾದರೆ ಅದನ್ನು ಒಂದು ಭಯದ ಹೆಸರಿನ ಜೊತೆ ಕಲಿಯಬೇಕು. ಮನುಷ್ಯ ಏನನ್ನು ಮರೆತರೂ ಹೆದರಿದ್ದನ್ನು ಮರೆಯುವುದಿಲ್ಲ.

ಅವಳು ನನಗಿಂತ ಒಂದು ಹೆಜ್ಜೆ ಮುಂದೆ. ಹಳದಿ ಚೀಟಿಗಳ ಮೇಲೆ ಬರೆದು ಆಯಾ ಭಯವನ್ನು ಆಯಾ ಜಾಗಕ್ಕೇ ಅಂಟಿಸಿಬಿಟ್ಟಳು. ನಲ್ಲಿಯ ಮೇಲೆ ಹೈಡ್ರೋಫೋಬಿಯಾ, ನೀರಿನ ಭಯ. ದೀಪದ ಸ್ವಿಚ್ಚಿನ ಪಕ್ಕ ಫೋಟೋಫೋಬಿಯಾ, ಬೆಳಕಿನ ಭಯ. ಕನ್ನಡಿಯ ಮೂಲೆಯಲ್ಲಿ ಕ್ಯಾಟೋಪ್ಟ್ರೋಫೋಬಿಯಾ. ಈ ವಯಸ್ಸಿನಲ್ಲಿ ಅದು ನನಗೂ ಸ್ವಲ್ಪ ಇದೆ ಎಂದೇ ಹೇಳಬೇಕು. ಅವಳ ಅಪ್ಪ ಗಡ್ಡ ಮಾಡಿಕೊಳ್ಳುವ ಡಬ್ಬಿಯ ಮೇಲೆ ಪೋಗೋನೋಫೋಬಿಯಾ ಎಂದಿತ್ತು. ಗಡ್ಡದ ಭಯ. ನನ್ನ ಯಜಮಾನರು ಬೆಳಿಗ್ಗೆ ಅದನ್ನು ಕಷ್ಟಪಟ್ಟು ಓದಿ, 'ಇದು ಹೊಸಾ ಕಂಪನಿ ಕ್ರೀಮ್ ಏನು? ಹೆಂಗ ಹಚ್ಚಗೋಬೇಕು?' ಎಂದು ಕೇಳಿದರು.

ಪದ ಬಿಡಿಸುವ ಚಟ ನನ್ನದೇ. ನಾನು ಊಟಕ್ಕೆ ಕೂತರೆ ಉಪ್ಪಿನಕಾಯಿಯನ್ನು ಉಪ್ಪು ಬೇರೆ, ಕಾಯಿ ಬೇರೆ ಮಾಡಿಯೇ ತಿನ್ನುವವಳು. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಬೋರ್ಡಿನ ಮೇಲೆ ಒಂದು ಪದ ಬರೆದು ನಡುವೆ ಗೀಟು ಎಳೆಯದಿದ್ದರೆ ನನ್ನ ಸೀಮೆಸುಣ್ಣಕ್ಕೆ ಸಮಾಧಾನವಿಲ್ಲ. ಮಕ್ಕಳು ಹಿಂದಿನಿಂದ ನನ್ನನ್ನು 'ಮುಕ್ಕಲ ಮೇಡಂ' ಎನ್ನುತ್ತಾರೆ. ತೆಲುಗಿನಲ್ಲಿ ಮುಕ್ಕ ಎಂದರೆ ತುಂಡು. ತುಂಡುಗಳ ಮೇಡಂ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಸರು ಸರಿಯಾಗಿಯೇ ಇದೆ.

ಈ ಚಟ ನನಗೆ ಹತ್ತಿದ್ದು ಇಂಟರ್, ಅಂದರೆ ನಿಮ್ಮ ಪಿಯುಸಿ, ಓದುವಾಗ. ನಮ್ಮೂರು ತೆಲುಗು ನಾಡಿನ ಗಡಿಯಲ್ಲಿ, ನ್ಯಾಲ್ಕಲ್ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಗೆ ಹೋದರೆ ಉರ್ದು, ಬೀದರಿನ ಕಡೆಯ ನೆಂಟರು ಬಂದರೆ ನಡುನಡುವೆ ಮರಾಠಿ. ಹೀಗೆ ಮೊದಲೇ ತುಂಬಿದ್ದ ಜೀಪಿನಂತಿದ್ದ ನನ್ನ ತಲೆಗೆ ಜಹೀರಾಬಾದಿನ ಕಾಲೇಜಿನಲ್ಲಿ ಇಂಗ್ಲಿಷನ್ನು ಹತ್ತಿಸಿದರು. ಅದರ ಹಿಂದೆಯೇ ಗ್ರೀಕೂ ಕಂಬಿ ಹಿಡಿದು ಜೋತುಬಿತ್ತು. ಜೀವಶಾಸ್ತ್ರದ ಮೊದಲ ಪಾಠದ ದಿನ ಪುಸ್ತಕ ತೆರೆದವಳು ಮುಚ್ಚಿಟ್ಟು, ಊರಿಗೆ ಹೋಗಿ ತೊಗರಿ ಬಿಡಿಸಿಕೊಂಡಿರುವುದೇ ವಾಸಿ ಎಂದುಕೊಂಡಿದ್ದೆ.

ನನ್ನನ್ನು ತಡೆದವರು ಖಾದರ್ ಸರ್. ನಾರಾಯಣಖೇಡದವರು. ಉದ್ದ ಗಡ್ಡ, ಅದಕ್ಕಿಂತ ಉದ್ದ ತಾಳ್ಮೆ. ಪಾಠ ತೆಲುಗು ಮತ್ತು ಇಂಗ್ಲಿಷಿನಲ್ಲಿ ಮಾಡುತ್ತಿದ್ದರೂ ಗಡಿ ಹಳ್ಳಿಗಳಿಂದ ಬಂದ ನಮ್ಮನ್ನು ಕಂಡರೆ ಸಲೀಸಾಗಿ ಕನ್ನಡಕ್ಕೆ ಇಳಿಯುತ್ತಿದ್ದರು. ನಮ್ಮ ಮುಖಗಳನ್ನು ನೋಡಿಯೇ ಅವರಿಗೆ ನಮ್ಮ ಸ್ಥಿತಿ ತಿಳಿದಿರಬೇಕು. ಒಂದು ದಿನ ಪುಸ್ತಕ ಮೇಜಿನ ಮೇಲೆ ಮಗುಚಿ ಇಟ್ಟು, 'ಹುಟ್ಟಿದವರಿಗೆಲ್ಲಾ ಒಂದಿಲ್ಲೊಂದು ಹೆದರಿಕಿ ಇರ್ತದ. ಇವತ್ತು ನಂಗ ನಿಮ್ಮ ಹೆದರಿಕಿ ಕೊಡ್ರಿ. ನಾ ಅದಕ್ಕ ಗ್ರೀಕ್ ಹೆಸರು ಕೊಡ್ತೀನಿ' ಎಂದರು.

ಯಾರೋ ಹಾವು ಎಂದರು. 'ಆಫಿಡಿಯೋಫೋಬಿಯಾ,' ಎಂದರು ಸರ್. ಇನ್ನೊಬ್ಬಳು ರಕ್ತ ಎಂದಳು. 'ಹೀಮೋಫೋಬಿಯಾ. ಹೀಮೋ ಅಂದ್ರ ರಕ್ತ. ಈಗ ಹೀಮೋಗ್ಲೋಬಿನ್ ಎಲ್ಲಿ ಇರ್ತದ ಹೇಳ್ರಿ?' ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಬಣ್ಣಗಳಿಗೆ ಹೆದರುವವರೂ ಇರುತ್ತಾರಂತೆ, ಅದು ಕ್ರೋಮೋಫೋಬಿಯಾ. 'ಕ್ರೋಮೋ ಅಂದ್ರ ಬಣ್ಣ, ಸೋಮಾ ಅಂದ್ರ ಮೈ. ಕ್ರೋಮೋಸೋಮ್ ಅಂದ್ರ ಬಣ್ಣ ಹಿಡಿಯೋ ಮೈ. ಇಷ್ಟೇ ಅದ. ಇದಕ್ಕ್ಯಾಕ ಹೆದರ್ತೀರಿ?' ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ, 'ಸರ್, ನಂಗ ಗಡ್ಡ ಕಂಡ್ರ ಹೆದರಿಕಿ ಆಗ್ತದರಿ' ಎಂದಳು. ಸರ್ ತಮ್ಮ ಗಡ್ಡ ನೀವಿಕೊಂಡು, 'ಪೋಗೋನೋಫೋಬಿಯಾ. ಪರೀಕ್ಷಾ ಮುಗಿಯೋತನ ತಡ್ಕೊ ತಾಯಿ' ಎಂದರು. ನಮಗೆ ನಕ್ಕು ನಕ್ಕು ಸಾಕಾಯಿತು. ಆ ನಗುವಿನಲ್ಲಿ ಗ್ರೀಕ್ ಯಾವಾಗ ಒಳಗೆ ಹೊಕ್ಕಿತೋ ಗೊತ್ತೇ ಆಗಲಿಲ್ಲ.

ನನ್ನ ಸರದಿ ಬಂದಾಗ ನಾನು ಹುಂಜ ಎಂದೆ. ಸುಳ್ಳಲ್ಲ. ಪಕ್ಕದ ಮನೆಯ ಕೆಂಪು ಹುಂಜವೊಂದು ನನ್ನ ಬಾಲ್ಯವನ್ನೆಲ್ಲ ಓಡಿಸಿಕೊಂಡು ತಿರುಗಿತ್ತು. ಅದು ಬೇಲಿಯ ಮೇಲೆ ನಿಂತು ಕತ್ತು ಓರೆ ಮಾಡಿತೆಂದರೆ ನಾನು ಚೊಂಬು ಎಸೆದು ಮನೆಯೊಳಗೆ ಬಂದುಬಿಡುತ್ತಿದ್ದೆ. ಸರ್ ಒಂದು ಗಳಿಗೆ ಯೋಚಿಸಿ, 'ಅಲೆಕ್ಟೋರೋಫೋಬಿಯಾ' ಎಂದರು. ಆಹಾ! ಇಷ್ಟು ದಿನ ಪುಕ್ಕಲಿ ಎನಿಸಿಕೊಂಡಿದ್ದ ನನಗೆ ಒಮ್ಮೆಲೇ ಒಂದು ಪದವಿ ಬಂದಂತಾಯಿತು. ಸಂಜೆ ಊರಿಗೆ ಹೋದವಳೇ ರೊಟ್ಟಿ ಬಡಿಯುತ್ತಿದ್ದ ಆಯಿಯ ಮುಂದೆ ನಿಂತು, 'ಆಯಿ, ನಂಗ ಅಲೆಕ್ಟೋರೋಫೋಬಿಯಾ ಅದ' ಎಂದೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದಳು. 'ಯಾವಾಗಿಂದ ಬಂದದವ್ವಾ? ಅದಕ್ಕ ಗುಳಿಗಿ ಏನರ ಕೊಟ್ಟಾರಾ?'

ಆ ಅಡಿಗೆಮನೆಯಲ್ಲಿ ಅಂದು ನಗದೆ ಕೂತಿದ್ದವಳು ಕಮಲತ್ತಿ ಒಬ್ಬಳೇ. ನನ್ನ ಅಪ್ಪನ ಕೊನೆಯ ತಂಗಿ. ಹೆಸರಿಗೆ ಸೋದರತ್ತೆ, ನನಗೆ ಅಕ್ಕನಿದ್ದಂತೆ. ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು ನಾವು. ಅವಳ ಧೈರ್ಯವನ್ನು ನೀವು ನೋಡಬೇಕಿತ್ತು. ಚೇಳನ್ನು ಇಕ್ಕಳದಲ್ಲಿ ಎತ್ತಿ ಹೊರಗೆ ಬಿಟ್ಟುಬರುತ್ತಿದ್ದಳು. ಮೇಲೇರಿ ಬರುವ ಎಮ್ಮೆಯ ಮುಂದೆ ನಿಂತು ಅದರ ಹೆಸರು ಹಿಡಿದು ಬೈಯುತ್ತಿದ್ದಳು. ಆದರೆ ಅಂಗಿಯ ಗುಂಡಿ ಒಂದನ್ನು ಕಂಡರೆ ಅವಳ ಮುಖ ಬೆಳ್ಳಗಾಗುತ್ತಿತ್ತು. ಅದೂ ನೆಲದ ಮೇಲೆ ಬಿದ್ದ, ದಾರ ಕಿತ್ತ ಬಿಳಿ ಗುಂಡಿಯಾದರೆ ಮುಗಿಯಿತು, ಹೊರಗೆ ಓಡಿಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. 'ಅದು ನನ್ನ ಬಾಯಾಗೇ ಹೋಗಿ ಕುಂತಂಗ ಆಗ್ತದ' ಎಂದು ನನಗೊಬ್ಬಳಿಗೆ ಹೇಳಿದ್ದಳು.

ನಮ್ಮ ಮನೆಯಲ್ಲಿ ಗುಂಡಿ ಎಂಬ ಮಾತನ್ನೇ ಆಡುತ್ತಿರಲಿಲ್ಲ. 'ಅದು' ಎನ್ನುತ್ತಿದ್ದೆವು. 'ಅಪ್ಪನ ಅಂಗಿದು ಅದು ಕಿತ್ತದ' ಎಂದರೆ ಅವ್ವನಿಗೆ ಅರ್ಥವಾಗುತ್ತಿತ್ತು. ಕಮಲತ್ತಿಯ ಶಾಲೆಯ ಅಂಗಿಗೆ ಆಯಿ ಹುಕ್ಕು ಹಚ್ಚಿಕೊಟ್ಟಿದ್ದಳು. ಇದು ಗಾಳಿ ಸೋಕಿದ್ದೆಂದು ಊರವರು ತೀರ್ಮಾನಿಸಿದ್ದರು. ಆಯಿ ಅವಳನ್ನು ಝರಾಸಂಗಕ್ಕೆ ಕರೆದೊಯ್ದು ಗುಡಿಯ ಹೊಂಡದಲ್ಲಿ ಮುಳುಗಿಸಿದಳು. ದರ್ಗಾದಲ್ಲಿ ದಾರ ಕಟ್ಟಿಸಿದಳು. ಬೇವಿನ ಸೊಪ್ಪಿನಿಂದ ಇಳಿ ತೆಗೆದು ಗಾಳಿ ಬಿಡಿಸಲು ಒಬ್ಬ ಬಂದ. ಅವನ ಅಂಗಿಯ ಗುಂಡಿ ನೋಡಿಯೇ ಕಮಲತ್ತಿ ಚೀರಿದಳು. ಅವನು ಅದನ್ನು ತನ್ನ ಮಂತ್ರದ ಶಕ್ತಿಯೆಂದು ತಿಳಿದು ತೃಪ್ತನಾಗಿ ಹೋದ.

ಎಲ್ಲರೂ ನಕ್ಕು ಎದ್ದುಹೋದ ಮೇಲೆ ಕಮಲತ್ತಿ ನನ್ನನ್ನು ಕೇಳಿದಳು, 'ನಿಮ್ಮ ಸರ್‌ಗ ನಂದೂ ಕೇಳ್ತಿಯೇನು?'

ಮರುದಿನ ತರಗತಿಯಲ್ಲಿ ಕೇಳಿದೆ. ಹುಡುಗಿಯರು ಕಿಸಕ್ಕೆಂದರು. ಸರ್ ನಗಲಿಲ್ಲ. 'ಎಷ್ಟ್ ವರ್ಷದಿಂದ? ಮುಟ್ಟಿದ್ರ ಏನಾಗ್ತದ?' ಎಂದು ವೈದ್ಯರ ಹಾಗೆ ವಿಚಾರಿಸಿದರು. 'ಜರಾ ಟೈಮ್ ಕೊಡು, ಹುಡುಕ್ತೀನಿ' ಎಂದರು. ಆಗೆಲ್ಲ ಫೋನು ಬೆರಳಲ್ಲಿ ಉಜ್ಜಿದರೆ ಉತ್ತರ ಬರುವ ಕಾಲವಲ್ಲ. ಅವರು ಕಾಲೇಜಿನ ಲೈಬ್ರರಿಯ ನಿಘಂಟುಗಳನ್ನೆಲ್ಲ ಇಳಿಸಿ ಧೂಳು ಕೊಡವಿ ನೋಡಿದರು. ಒಂದು ವಾರದ ಮೇಲೆ ನನ್ನನ್ನು ಸ್ಟಾಫ್ ರೂಮಿಗೆ ಕರೆದರು.

'ಸಿಗಲಿಲ್ಲವ್ವಾ,' ಎಂದರು. 'ಹಳೇ ಗ್ರೀಕ್ ಮಂದಿ ಬಟ್ಟಿಗಿ ಪಿನ್ ಚುಚಗೊಂಡು ತಿರಗತಿದ್ರು ಅಂತ ಕಾಣ್ತದ. ಗುಂಡಿನೇ ಹೆಚ್ಚು ಇಲ್ಲದ ಮ್ಯಾಲ ಅದರ ಹೆದರಿಕಿಗಿ ಹೆಸರು ಹೆಂಗ ಇಡ್ತಾರ? ಆದ್ರ ಹೆಸರು ಸಿಗಲಿಲ್ಲ ಅಂತ ಹೆದರಿಕಿ ಸುಳ್ಳು ಆಗಂಗಿಲ್ಲ. ನಿಮ್ಮ ಅತ್ತಿಗಿ ಹೇಳು, ಇದು ದೆವ್ವ ಅಲ್ಲ, ಭೂತ ಅಲ್ಲ. ಬೆಕ್ಕಿಗಿ ಹೆದರೋರು ಇರ್ತಾರ, ಹೂವಿಗಿ ಹೆದರೋರು ಇರ್ತಾರ, ಹಂಗೇ ಇದು. ದುನಿಯಾದಾಗ ಇನ್ನೂ ಯಾರಿಗರ ಇದ್ದೇ ಇರ್ತದ.'

ನಾನು ಅಕ್ಷರ ಬಿಡದೆ ಒಪ್ಪಿಸಿದೆ. ಕಮಲತ್ತಿ ಹೊಲದ ಬದುವಿನ ಮೇಲೆ ಕೂತಿದ್ದಳು. 'ಇನ್ನೂ ಯಾರಿಗರ ಇರ್ತದ ಅಂದ್ರಾ?' ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲಿಯೋ, ಯಾವ ದೇಶದಲ್ಲಿಯೋ, ತನ್ನ ಹಾಗೆಯೇ ಅಂಗಿಗೆ ಹುಕ್ಕು ಹಚ್ಚಿಸಿಕೊಂಡು ತಿರುಗುವ ಒಬ್ಬ ಹೆಂಗಸು ಇದ್ದಾಳೆ ಎಂಬುದೇ ಅವಳಿಗೆ ಸಾಕಾಗಿತ್ತು. ಇಳಿ ತೆಗೆಯುವವನನ್ನು ಆಯಿ ಮತ್ತೊಮ್ಮೆ ಕರೆಸಿದಾಗ ಕಮಲತ್ತಿ ಬಾಗಿಲಲ್ಲೇ ನಿಂತು, 'ನಂಗ ಏನೂ ಸೋಕಿಲ್ಲ. ಹೆದರಿಕಿ ಅದ, ಅಷ್ಟೇ. ನೀವು ಹೋಗ್ರಿ' ಎಂದಳು. ಅವನು ಹೋದ. ಮತ್ತೆ ಬರಲಿಲ್ಲ.

ಅದರ ಮುಂದಿನ ವರ್ಷ ತಾಂಡೂರಿನಿಂದ ಒಂದು ಸಂಬಂಧ ಬಂತು. ಹುಡುಗ ಶಿವರಾಜ, ನೆಲಕ್ಕೆ ಹಾಸುವ ಕಲ್ಲಿನ ಬಂಡೆಗಳಿಗೆ ಪಾಲಿಶ್ ಹಿಡಿಯುವ ಕಡೆ ಕೆಲಸ. ಅವನ ತಾಯಿ, ಕಾಕಾ ಎಲ್ಲ ಬಂದರು. ಆಯಿ ಮಂಡಕ್ಕಿಯ ಸುಸಲಾ ಮಾಡಿದ್ದಳು. ಗಂಡಸರ ಅಂಗಿಯ ಗುಂಡಿಗಳನ್ನು ದೂರದಿಂದ, ಬೇರೆ ಕಡೆ ನೋಡುತ್ತ ಸಹಿಸುವುದನ್ನು ಕಮಲತ್ತಿ ಅಷ್ಟು ಹೊತ್ತಿಗೆ ಕಲಿತಿದ್ದಳು. ಆದರೆ ಹುಡುಗ ಹೆಣ್ಣು ನೋಡಲು ಬರುವ ದಿನಕ್ಕೆಂದೇ ಹೊಲಿಸಿದ ಸಫಾರಿ ಹಾಕಿಕೊಂಡು ಬಂದಿದ್ದ. ಅದರ ಮೇಲೆ ಹಿತ್ತಾಳೆಯ ಹಾಗೆ ಹೊಳೆಯುವ, ರೂಪಾಯಿಯಷ್ಟು ದೊಡ್ಡ ಗುಂಡಿಗಳು. ಎದೆಗೊಂದು ಸಾಲು, ಕಿಸೆಗೊಂದು, ತೋಳಿಗೂ ಒಂದೊಂದು.

ಚಹಾದ ತಟ್ಟೆ ಹಿಡಿದು ಬಂದ ಕಮಲತ್ತಿ ಕಣ್ಣೆತ್ತಿದಳು. ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆಮೇಲೆ ತಟ್ಟೆಯೇ ನೆಲಕ್ಕೆ ಬಿತ್ತು. ಅವಳು ಬಾಯಿ ಮುಚ್ಚಿಕೊಂಡು ದನದ ಕೊಟ್ಟಿಗೆಯ ಕಡೆ ಓಡಿದಳು.

'ಹುಡುಗಿಗಿ ಏನೋ ಅದ,' ಎಂದರು ಹುಡುಗನ ತಾಯಿ, ಸೀರೆಗೆ ಬಿದ್ದ ಚಹಾ ಕೊಡವುತ್ತ. ಅಪ್ಪ ತಲೆ ತಗ್ಗಿಸಿ ಕೂತುಬಿಟ್ಟ. ಬಂದವರು ಎದ್ದರು. ಹುಡುಗ ಕೈ ತೊಳೆದುಕೊಳ್ಳಲು ಅಂಗಳದ ಹಂಡೆಯ ಹತ್ತಿರ ಬಂದಾಗ ನೀರು ಹಾಕಲು ನಿಂತವಳು ನಾನು.

'ತಂಗಿ, ಖರೇ ಹೇಳು,' ಎಂದ ಸಣ್ಣ ದನಿಯಲ್ಲಿ. 'ನಾ ಅಷ್ಟು ಖರಾಬ್ ಕಾಣ್ತೀನೇನು?'

ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. 'ಅತ್ತಿ ನಿಮ್ಮನ್ನ ನೋಡಿ ಹೆದರಿಲ್ಲರಿ. ನಿಮ್ಮ ಗುಂಡಿ ನೋಡಿ ಹೆದರ್ಯಾಳ.'

ಅವನು ತನ್ನ ಎದೆಯ ಮೇಲಿನ ಸಾಲನ್ನು ನೋಡಿಕೊಂಡ. 'ಗುಂಡಿಗಾ? ಹಂಗೂ ಇರ್ತದೇನು?'

'ಇರ್ತದರಿ. ನಮ್ಮ ಸರ್ ಹೇಳ್ಯಾರ. ಬೆಕ್ಕಿಗಿ ಹೆದರಿದ್ರ ಐಲೂರೋಫೋಬಿಯಾ ಅಂತಾರ, ಗಡ್ಡಕ್ಕ ಹೆದರಿದ್ರ ಪೋಗೋನೋಫೋಬಿಯಾ. ಇದಕ್ಕ ಇನ್ನೂ ಹೆಸರು ಸಿಕ್ಕಿಲ್ಲ, ಅಷ್ಟೇ.' ಗಾಬರಿಯಲ್ಲಿ ನನಗೆ ಗೊತ್ತಿದ್ದ ಗ್ರೀಕನ್ನೆಲ್ಲ ಅವನ ಕೈಯ ಮೇಲೆ ಸುರಿದೆ. ಅವನು ನನ್ನನ್ನೂ ಕೊಟ್ಟಿಗೆಯನ್ನೂ ನೋಡಿ ಹೋಗಿಬಿಟ್ಟ.

ಮನೆಯಲ್ಲಿ ಎರಡು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಅಪ್ಪ ಒಮ್ಮೆ, 'ಹೋಗ್ಲಿ ಬಿಡು, ಅದೊಂದೇ ಮನಿ ಏನದ' ಎಂದ. ಆ ಮಾತಿನಲ್ಲಿ ಅವನಿಗೇ ನಂಬಿಕೆಯಿರಲಿಲ್ಲ.

ಆದರೆ ಶಿವರಾಜ ಮತ್ತೆ ಬಂದ, ಮುಂದಿನ ಸಂತೆಯ ದಿನ, ಒಬ್ಬನೇ. ನ್ಯಾಲ್ಕಲ್‌ನಿಂದ ಬರುವ ಜೀಪು ನಿಂತಾಗ ಅದರೊಳಗಿದ್ದವರೆಲ್ಲ ನಗುತ್ತಿದ್ದರು. ಇಳಿದ ಮನುಷ್ಯನನ್ನು ನೋಡಿ ಆಯಿಯೂ ನಕ್ಕಳು. ಅವನು ಬಾರಾಬಂದಿ ತೊಟ್ಟಿದ್ದ! ನೀವು ನೋಡಿರಲಿಕ್ಕಿಲ್ಲ. ನಮ್ಮ ಕಡೆಯ ಹಳೆಯ ಮುದುಕರು ತೊಡುತ್ತಿದ್ದ ಬಿಳಿ ಅಂಗಿ. ಗುಂಡಿ ಎನ್ನುವುದೇ ಇಲ್ಲ, ಎದೆಯ ಮೇಲೆ ಬಟ್ಟೆಯ ಕಸೆಗಳನ್ನು ಕಟ್ಟಿಕೊಳ್ಳಬೇಕು. ಬಾರಾ ಎಂದರೆ ಹನ್ನೆರಡು, ಬಂದಿ ಎಂದರೆ ಕಟ್ಟು. ಆಗಲೂ ನಾನು ಪದ ಬಿಡಿಸುತ್ತಲೇ ನಿಂತಿದ್ದೆ ನೋಡಿ! ತಾರುಣ್ಯ ತುಂಬಿದ ಹುಡುಗನೊಬ್ಬ ಪೆಟ್ಟಿಗೆಯ ವಾಸನೆ ಬೀರುವ ಆ ಅಂಗಿಯಲ್ಲಿ, ಬಸ್ಸು ಜೀಪು ಬದಲಿಸಿ, ಎಲ್ಲರ ಕಣ್ಣೆದುರು ತಾಂಡೂರಿನಿಂದ ನಮ್ಮ ಅಂಗಳದ ತನಕ ಬಂದು ನಿಂತಿದ್ದ.

'ಈಗ ಹೊರಗ ಬರ್ತಾರೇನು ಕೇಳ್ರಿ,' ಎಂದ ಆಯಿಗೆ.

ಕಮಲತ್ತಿ ಬಂದಳು. ಬಾಗಿಲಿಗೆ ಆತು ನಿಂತು, ಮೊದಲು ಅವನ ಎದೆಯನ್ನೇ ನೋಡಿದಳು. ಮೇಲಿನಿಂದ ಕೆಳಗೆ, ಒಂದೊಂದೇ ಕಸೆ. ಆಮೇಲೆ ಮುಖ ನೋಡಿದಳು. ಬಹುಶಃ ಅದೇ ಮೊದಲ ಸಲ.

'ಯಾರ್ದಿದು?'

'ನಮ್ಮ ಮುತ್ಯಾಂದು,' ಎಂದ, ತಾತನ ಅಂಗಿಯ ಅಂಚು ಎಳೆದುಕೊಳ್ಳುತ್ತ.

'ಬಿಗಿ ಆಗ್ಯಾದ.'

'ಮುತ್ಯಾ ಭಾಳ ಸಣ್ಣ ಇದ್ದನಂತ,' ಎಂದು ಅವನು ಉಸಿರು ಎಳೆದುಕೊಂಡ. ಆ ಉಸಿರಿಗೆ ಒಂದು ಕಸೆ ಪಟ್ಟನೆ ಹರಿಯಿತು. ಕಮಲತ್ತಿ ನಕ್ಕಳು. ಅವಳು ಹಾಗೆ ಬಾಯಿ ಮುಚ್ಚಿಕೊಳ್ಳದೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಳಗೆ ಹೋಗಿ ಸೂಜಿ ದಾರ ತಂದು, 'ಕೊಡ್ರಿ, ಹೊಲಿದು ಕೊಡ್ತೀನಿ' ಎಂದಳು. ಮದುವೆ ನಿಶ್ಚಯವಾದದ್ದು ಅಲ್ಲಿಯೇ. ದೊಡ್ಡವರು ಕೂತು ಮಾತಾಡಿದ್ದೆಲ್ಲ ಆಮೇಲಿನ ಲೆಕ್ಕ.

ಮದುವೆಯ ದಿನ ಆಯಿ ಇನ್ನೊಂದು ಉಪಾಯ ಮಾಡಿದಳು. ಅಕ್ಷತೆ ಹಾಕಲು ಹತ್ತಿರ ಬಂದ ಪ್ರತಿ ಗಂಡಸಿಗೂ ಮುಂದೆ ನಿಂತು ಒಂದು ಶಲ್ಯ ಹೊದಿಸಿ, ಎದೆ ಮುಚ್ಚುವಂತೆ ಸುತ್ತಿಬಿಡುತ್ತಿದ್ದಳು. ತಮಗೆ ಸನ್ಮಾನ ಮಾಡುತ್ತಿದ್ದಾರೆಂದು ತಿಳಿದು ಅವರು ಉಬ್ಬಿ ಮುಂದೆ ಹೋಗುತ್ತಿದ್ದರು. ಆ ಕಡೆ ಇಳಿದ ಕೂಡಲೇ ಅಪ್ಪ ಶಲ್ಯ ಬಿಚ್ಚಿಸಿಕೊಂಡು ಮುಂದಿನವರಿಗೆ ತಂದುಕೊಡುತ್ತಿದ್ದ. ಊರಲ್ಲಿ ಬಹಳ ದಿನ ಆ ಮದುವೆಯ ಮರ್ಯಾದೆಯ ಮಾತೇ ಮಾತು.

ಶಿವರಾಜ ಹೀಗೆ ನನಗೆ ಮಾಮನಾದರು. ತಾಂಡೂರಿನ ದರ್ಜಿಯೊಬ್ಬನ ಹತ್ತಿರ ಕಸೆಯ ಅಂಗಿಗಳನ್ನೇ ಹೊಲಿಸಿಕೊಂಡರು. ಕೆಲಸದ ಕಡೆ ಗೆಳೆಯರು 'ಮುತ್ಯಾ' ಎಂದು ಕರೆದರೆ, 'ಗಾಳಿ ಚೊಲೋ ಆಡ್ತದಪಾ' ಎಂದುಬಿಡುತ್ತಿದ್ದರು. ಟೀ ಶರ್ಟುಗಳು ನಮ್ಮ ಕಡೆ ಬಂದಾಗ ಅವರೇ ಮೊದಲ ಗಿರಾಕಿ. ಇಷ್ಟು ವರ್ಷದಲ್ಲಿ ಅವರು ಇದನ್ನು ತ್ಯಾಗ ಎಂದದ್ದಿಲ್ಲ, ಹೆಂಡತಿಯ ಹುಚ್ಚು ಎಂದದ್ದೂ ಇಲ್ಲ. ಕೆಲವರು ಊಟದಲ್ಲಿ ಬದನೆಕಾಯಿ ಬಿಡುತ್ತಾರಲ್ಲ, ಹಾಗೆ ಇವರು ಗುಂಡಿ ಬಿಟ್ಟಿದ್ದರು.

ಮೊನ್ನೆ ದಸರಾ ರಜೆಯಲ್ಲಿ ಸಹನಾ ಫೋನಿನಲ್ಲಿ ಆ ಹೆಸರನ್ನು ಹುಡುಕಿ ತೆಗೆದಳು. ಖಾದರ್ ಸರ್‌ಗೆ ಸಿಗದೆ ಹೋದ ಹೆಸರು. ಇದನ್ನು ಫೋನಿನಲ್ಲಿ ಹೇಳುವುದಲ್ಲ ಎಂದು ಅವಳೇ ಹಟ ಹಿಡಿದಳು. ಅಂತೂ ಬಸ್ಸು ಹತ್ತಿ ಇಬ್ಬರೂ ತಾಂಡೂರಿಗೆ ಹೋದೆವು. ದಾರಿಯುದ್ದಕ್ಕೂ ಅವಳ ಬಾಯಲ್ಲಿ ಅದೇ ಪದದ ಅಭ್ಯಾಸ. ಪಕ್ಕದ ಸೀಟಿನ ಹೆಂಗಸು ಯಾವುದೋ ಸ್ತೋತ್ರವಿರಬೇಕೆಂದು ತಿಳಿದು ಕೈ ಮುಗಿದಳು.

ಮಾಮ ಈಗ ಕೆಲಸ ಬಿಟ್ಟಿದ್ದಾರೆ. ಮನೆಯ ನೆಲಕ್ಕೆಲ್ಲ ತಮ್ಮ ಕೈಯಿಂದಲೇ ಪಾಲಿಶ್ ಹಿಡಿದ ಕಲ್ಲು. ಬಗ್ಗಿದರೆ ಮುಖ ಕಾಣುತ್ತದೆ. ಕಮಲತ್ತಿ ನಮಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಊಟ ಮುಗಿದ ಮೇಲೆ ಸಹನಾ ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು ಹೇಳಿದಳು:

'ಕಮಲಜ್ಜಿ, ನಿಮ್ಮ ಹೆದರಿಕಿಗಿ ಹೆಸರು ಸಿಕ್ಕದರಿ. ಕೂಂಪೂನೋಫೋಬಿಯಾ.'

'ಏನಂದಿ? ಇನ್ನೊಮ್ಮಿ ಅನ್ನು.'

ಅವಳು ಬಿಡಿಸಿ ಬಿಡಿಸಿ ಹೇಳಿದಳು. ಈಗಿನ ಗ್ರೀಕರ ಮಾತಿನಲ್ಲಿ ಗುಂಡಿಗಿರುವ ಹೆಸರಿನಿಂದ ಇದನ್ನು ಮಾಡಿದ್ದಾರಂತೆ, ಈ ಭಯ ಇರುವವರು ಬೇರೆ ಬೇರೆ ದೇಶಗಳಲ್ಲಿ ಇದ್ದಾರಂತೆ ಎಂದೂ ಹೇಳಿದಳು. ಕಮಲತ್ತಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. 'ಅಯ್ಯ, ಎಷ್ಟು ಉದ್ದ ಅದ! ನಂದು ಅಷ್ಟು ದೊಡ್ಡ ಹೆದರಿಕಿ ಏನಿರಲಿಲ್ಲ ಬಿಡು' ಎಂದು ನಕ್ಕಳು. ಆಮೇಲೆ ಸಮಾಧಾನದಿಂದ, 'ನಿಮ್ಮ ಅವ್ವನ ಸರ್ ಆವತ್ತೇ ಹೇಳಿದ್ರು ನೋಡು, ಇನ್ನೂ ಯಾರಿಗರ ಇರ್ತದ ಅಂತ' ಎಂದಳು.

ಇಷ್ಟಕ್ಕೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಹುರುಪಿಗೆ ಬಿದ್ದ ಸಹನಾ ಮೂಲೆಯಲ್ಲಿ ಸೀತಾಫಲ ಬಿಡಿಸುತ್ತ ಕೂತಿದ್ದ ಮಾಮನ ಕಡೆ ತಿರುಗಿದಳು. 'ತಾತಾ, ನಿಮ್ಮ ಹೆದರಿಕಿ ಹೇಳ್ರಿ. ಅದಕ್ಕೂ ಹೆಸರು ಕೊಡ್ತೀನಿ.'

'ಅವ್ರಿಗೇನ್ ಹೆದರಿಕಿ,' ಎಂದಳು ಕಮಲತ್ತಿ. 'ಅವ್ರು ಯಾತಕ್ಕೂ ಹೆದರಂಗಿಲ್ಲ.'

ಮಾಮ ಹಣ್ಣಿನ ಬೀಜಗಳನ್ನು ತಟ್ಟೆಯ ಅಂಚಿಗೆ ಸರಿಸಿದರು. ಆಮೇಲೆ ತಲೆಯೆತ್ತದೆ, 'ಸೇತುವೆ' ಎಂದರು.

ಯಾರಿಗೂ ಅರ್ಥವಾಗಲಿಲ್ಲ.

'ಸೇತುವೆ ದಾಟಾಕ ನಂಗ ಆಗಂಗಿಲ್ಲ. ಸಣ್ಣಂವ ಇದ್ದಾಗಿಂದ. ಬಸ್ಸಿನಾಗ ಕಣ್ ಮುಚಗೊಂಡು ಕುಂದರ್ತೀನಿ. ಮಂದಿ ನಿದ್ದಿ ಹತ್ಯಾದ ಅನ್ಕೋತಾರ. ನಡಕೊಂಡಂತೂ ಒಂದೂ ದಾಟಿಲ್ಲ. ಕಾಲು ಏಳಂಗಿಲ್ಲ.'

'ಗೆಫಿರೋಫೋಬಿಯಾ...' ಎಂದು ಶುರು ಮಾಡಿದ ಸಹನಾಳ ಕೈಯನ್ನು ನಾನು ಮೆಲ್ಲಗೆ ಒತ್ತಿದೆ. ಜೀವನದಲ್ಲಿ ಮೊದಲ ಸಲ ನನಗೆ ಪದ ಬಿಡಿಸುವುದು ಬೇಡವೆನಿಸಿತ್ತು. ಕಮಲತ್ತಿ ಗಂಡನನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಎಷ್ಟು ಸಲ ಪಕ್ಕದಲ್ಲಿ ಕೂತಿದ್ದಳೋ. ಎಷ್ಟು ಸಲ 'ಹತ್ತಿದ ಕೂಡ್ಲೇ ನಿದ್ದಿ ನೋಡು ಇವ್ರದು' ಎಂದು ನಕ್ಕಿದ್ದಳೋ.

'ನನ್ನ ಮುಂದ ಯಾಕ ಹೇಳಿಲ್ರಿ?'

'ನೀ ಕೇಳಿಲ್ಲ ಅಲಾ,' ಎಂದರು ಮಾಮ. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ.

'ಮತ್ತ ನಮ್ಮೂರಿಗಿ ಬರೋ ಮುಂದ?'

'ಕಣ್ ಮುಚಗೊಂಡೇ ಬಂದೀನಿ.'

ಕಮಲತ್ತಿ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು, ನಿಂತಿತು. ಅತ್ತಳೋ ಏನೋ ನಮಗೆ ಕಾಣಲಿಲ್ಲ. ಹೊರಗೆ ಬಂದಾಗ ಮುಖ ತೊಳೆದು, ಬೇರೆ ಸೀರೆ ಉಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿದ್ದಳು.

'ಏಳ್ರಿ. ಕಾಗ್ನಾ ಹೊಳಿ ಸೇತುವೆ ತನ ಹೋಗಿ ಬರೋಣು.'

'ಈಗಾ?'

'ಬಿಸಿಲು ಇಳದದ. ನಡೀರಿ.'

ಆಟೋ ನಮ್ಮನ್ನು ಹೊಳೆಯ ಈಚೆ ಇಳಿಸಿತು. ಮಾಮ ಸೇತುವೆಯ ತುದಿಗೆ ಬಂದು ನಿಂತೇಬಿಟ್ಟರು. ಹಣೆಯಲ್ಲಿ ಬೆವರು. ಗುಂಡಿ ಕಂಡ ಕಮಲತ್ತಿಯ ಮುಖ ಹೇಗಾಗುತ್ತಿತ್ತೋ ಹಾಗೆಯೇ ಇತ್ತು ಅವರ ಮುಖ. ಅದನ್ನು ಅವಳಿಗಿಂತ ಚೆನ್ನಾಗಿ ತಿಳಿದವರು ಇನ್ಯಾರು? 'ಏನಾಗಂಗಿಲ್ಲ' ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, 'ಭಾಳ ಹೆದರಿಕಿ ಆಗ್ತದ, ನಂಗ ಗೊತ್ತದ. ನಾ ಅದೀನಿ. ಹೆದರಕೋತನೇ ನಡೀರಿ' ಎಂದಳು.

ನಡೆದರು. ಬಹಳ ನಿಧಾನ, ಮಾಮ ಕಣ್ಣು ಮುಚ್ಚಿಕೊಂಡೇ. ನಾನೂ ಸಹನಾಳೂ ಸ್ವಲ್ಪ ಹಿಂದೆ. ದಾರಿಯುದ್ದಕ್ಕೂ ಕಮಲತ್ತಿ ಮಾತು ನಿಲ್ಲಿಸಲಿಲ್ಲ. ಪಕ್ಕದ ಮನೆಯವರ ಸೊಸೆಯ ಸುದ್ದಿ, ಈ ಸಲದ ತೊಗರಿಯ ಸುದ್ದಿ, ಸಹನಾ ಹೇಳಿದ ಹೆಸರು, ಅದನ್ನು ತಪ್ಪು ತಪ್ಪಾಗಿ. ಕಲ್ಲು ತುಂಬಿದ ಲಾರಿಯೊಂದು ಪಕ್ಕದಲ್ಲಿ ಹಾದಾಗ ಸೇತುವೆ ಅದುರಿತು. ಮಾಮ ಅವಳ ತೋಳನ್ನು ಅವುಚಿ ಹಿಡಿದು ನಿಂತರು. ಅವಳೂ ನಿಂತಳು. ಲಾರಿ ಹೋಯಿತು. ಮತ್ತೆ ನಡೆದರು. ನಡುವೆ ಎಲ್ಲಿಯೋ ಮಾಮ ಕಣ್ಣು ತೆರೆದಿರಬೇಕು. 'ನೀರು ಚೊಲೋ ಅದ ಅಲಾ ಈ ಸಲ' ಎಂದದ್ದು ಕೇಳಿಸಿತು.

ಆ ತುದಿಯಲ್ಲಿ ಒಂದು ಚಹಾದಂಗಡಿ. ಮಾಮ ಬೆಂಚಿನ ಮೇಲೆ ಕುಸಿದು ಕೂತರು. ಮುಖದ ತುಂಬ ನಗು. ದಾಟಿ ಬಂದ ಸೇತುವೆಯನ್ನು ತಿರುಗಿ ತಿರುಗಿ ನೋಡಿದರು. ಚಹಾ ಬಂತು. ತಟ್ಟೆಗೆ ಸುರಿದುಕೊಂಡು, ಆರಿಸಿ, ಕೊನೆಯ ಹನಿಯ ತನಕ ಕುಡಿದರು.

'ಆತೇನ್ರಿ?' ಎಂದಳು ಕಮಲತ್ತಿ. 'ಏಳ್ರಿ, ಹೋಗೋಣು.'

'ಎಲ್ಲಿಗಿ?'

'ಮನಿಗಿ. ಮನಿ ಆ ಕಡೀಗೇ ಅದ ಅಲಾ.'

ಮಾಮ ಸೇತುವೆಯನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಅಂಗಡಿಯವನ ಕಡೆ ತಿರುಗಿ ಇನ್ನೊಂದು ಚಹಾ ಹೇಳಿದರು.